ಗೌಡರು ಕೊಂಡ ಅರ್ಧ ಬೆಲೆಯ ಪಿಸ್ತೂಲು

ಸಿದ್ದೇಗೌಡರ ಎಡಗಾಲಿನ ಮೀನಖಂಡದಲ್ಲಿ ಹೆಬ್ಬೆರಳು ಕೂರುವಷ್ಟು ದೊಡ್ಡ ಗುಳಿಯೊಂದಿತ್ತು. ಬನ್ನಿಮಂಟಪದ ಅವರ ಪೆಟ್ರೋಲ್ ಬಂಕಿಗೆ ಬಂದವರು ಯಾರಾದರೂ ಹೆಲ್ಮೆಟ್ಟನ್ನೋ ಮಿಕ್ಸಿಯನ್ನೋ "ಅಗ್ಗಕ್ಕೆ ಹೊಡ್ಕಂಡು ಬಂದೆ" ಎಂದು ಹೇಳಿಕೊಂಡರೆ ಸಾಕು, ಗೌಡರು ಕುಳಿತಲ್ಲೇ ಪಂಚೆಯನ್ನು ಮಂಡಿಯವರೆಗೆ ಎತ್ತಿ ಆ ಗುಳಿಯನ್ನು ತೋರಿಸುತ್ತಿದ್ದರು. "ನೋಡಪ್ಪ, ನಂಗೂ ಒಂದು ಅಗ್ಗಕ್ಕೆ ಸಿಕ್ಕಿತ್ತು" ಎನ್ನುತ್ತಿದ್ದರು. ಪರಿಚಯದವರೇ ಆಗಬೇಕೆಂದೇನೂ ಇರಲಿಲ್ಲ. ಮದುವೆಯೊಂದರ ಊಟದ ಪಂಕ್ತಿಯಲ್ಲಿ, ಪಕ್ಕದ ಎಲೆಗೆ ಕೂತಿದ್ದ ಅಪರಿಚಿತರೊಬ್ಬರು ತಮ್ಮ ಹೊಸ ಕೈಗಡಿಯಾರದ ಬೆಲೆ ಹೇಳಿದ್ದಕ್ಕೆ, ಪಾಯಸ ಬಡಿಸುತ್ತಿದ್ದಾಗಲೇ ಕಾಲು ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಾಪ, ಆ ಮನುಷ್ಯ ಪಾಯಸ ಬೇಡವೆಂದರು.

ನಾನು ಆ ಬಂಕಿನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದಾಗ ಆ ಗುಳಿ ಇನ್ನೂ ಬಿದ್ದಿರಲಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ಕಾಲ. ಚಾಮರಾಜಪುರಂನ ಬಾಡಿಗೆ ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಬಂಕಿನ ದಿನದ ಕಲೆಕ್ಷನ್ನನ್ನು ಬ್ಯಾಂಕಿಗೆ ಕಟ್ಟಿ ಬರುವುದೂ ನನ್ನ ಕೆಲಸದಲ್ಲಿ ಸೇರಿದೆ ಎಂದು ಗೊತ್ತಾದ ಕೂಡಲೇ ಅಮ್ಮ ನನ್ನ ಜೊತೆ ಬಂಕಿಗೇ ಹೊರಟು ಬಂದಳು. "ಅಷ್ಟು ದುಡ್ಡು ಹಿಡ್ಕೊಂಡು ಹುಡುಗಿ ರಸ್ತೇಲಿ ಓಡಾಡೋದು ಅಂದ್ರೆ ನಂಗೆ ಜೀವ ನಿಲ್ಲಲ್ಲ ಗೌಡ್ರೇ" ಎಂದು ನೇರವಾಗಿಯೇ ಹೇಳಿದಳು. ಗೌಡರು ಕುರ್ಚಿಯಿಂದ ಎದ್ದು ನಿಂತರು. "ಒಬ್ಳೇ ಯಾಕವ್ವ ಓಡಾಡ್ತಾಳೆ? ದಿನಾ ನಾನೇ ಜೊತೇಲಿ ಹೋಯ್ತೀನಿ. ಎಂಗೆ ಕಳುಸ್ತೀರೋ ಅಂಗೇ ನಿಮ್ ಮಗಳನ್ನ ವಾಪಸ್ ಕಳುಸ್ತೀನಿ. ಈ ಮಾತು ನಂದು" ಎಂದರು. ಅವರು ಎದ್ದು ನಿಂತು ಹೇಳಿದರು ಎನ್ನುವ ಕಾರಣಕ್ಕೇ ಅಮ್ಮ ನಂಬಿದಳು. ಕೂತು ಹೇಳಿದ್ದರೆ ಆ ಕೆಲಸ ನನಗೆ ಸಿಗುತ್ತಿರಲಿಲ್ಲ.

ಗೌಡರು ತಿ. ನರಸೀಪುರದ ಕಡೆಯ ಬೇಸಾಯದ ಮನೆಯವರು. ಲಾರಿ ಕ್ಲೀನರ್ ಆಗಿ ಮೈಸೂರಿಗೆ ಬಂದು, ಡ್ರೈವರ್ ಆಗಿ, ಒಂದು ಲಾರಿಗೆ ಮಾಲೀಕರಾಗಿ, ಕೊನೆಗೆ ಆ ಬಂಕನ್ನು ಹಿಡಿದವರು. ದುಡ್ಡು ಬಂದರೂ ಕೈ ಬಿಗಿ ಸಡಿಲವಾಗಿರಲಿಲ್ಲ. ಅವರನ್ನು ಜಿಪುಣ ಎನ್ನಲಾಗದು. ಬಂಕಿನವರ ಮನೆಯಲ್ಲಿ ಕಾಯಿಲೆ ಕಸಾಲೆ ಎಂದರೆ ಕೇಳುವ ಮೊದಲೇ ಕೊಡುತ್ತಿದ್ದರು. ಆದರೆ ಯಾವ ವಸ್ತುವನ್ನಾದರೂ ಹೇಳಿದ ಬೆಲೆಗೆ ಕೊಂಡರೆ ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಫೀಸಿನಲ್ಲಿದ್ದ ನನ್ನ ಕುರ್ಚಿ ಯಾವುದೋ ಮುಚ್ಚಿದ ಹೋಟೆಲಿನದು, ಎಡಕ್ಕೆ ವಾಲುತ್ತಿತ್ತು. ನೆತ್ತಿಯ ಮೇಲಿನ ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಿತ್ತು. ಬ್ಯಾಂಕಿಗೆ ಹೋಗುವ ವ್ಯಾನಿನ ಬಾಗಿಲನ್ನು ಒಳಗಿನಿಂದ ಹಗ್ಗ ಕಟ್ಟಿ ಹಿಡಿದುಕೊಳ್ಳಬೇಕಾಗಿತ್ತು. ಕೇಳಿದರೆ, "ಎಲ್ಲಾ ಅರ್ಧಕ್ಕೆ ಬಂದಿದ್ದು ಕಣಮ್ಮ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಅಮ್ಮನಿಗೆ ಮಾತು ಕೊಟ್ಟ ಮೇಲೆ ಅವರ ತಲೆಗೆ ಪಿಸ್ತೂಲಿನ ಹುಳ ಹೊಕ್ಕಿತು. ಲೈಸೆನ್ಸಿಗೆ ಅರ್ಜಿ ಹಾಕಿದರು. ಪೊಲೀಸ್ ವಿಚಾರಣೆ, ಕಚೇರಿಗಳ ಅಲೆದಾಟ ಎಲ್ಲ ಮುಗಿದು ಅದು ಕೈಗೆ ಬರಲು ವರ್ಷ ಕಳೆಯಿತು. ಕೊಳ್ಳಲು ಹೋದ ದಿನ ಕಾಗದಪತ್ರ ನೋಡಿಕೊಳ್ಳಲೆಂದು ನನ್ನನ್ನೂ ಕರೆದುಕೊಂಡು ಹೋದರು. ಬಂದೂಕಿನ ಅಂಗಡಿಯ ಸಾಹೇಬರು ಗಾಜಿನ ಮೇಲೆ ಬಟ್ಟೆ ಹಾಸಿ ಎರಡು ಪಿಸ್ತೂಲುಗಳನ್ನು ಇಟ್ಟರು. ಒಂದು ಹೊಸದು. ಇನ್ನೊಂದು ಯಾರೋ ಮಾರಿ ಹೋಗಿದ್ದ ಹಳೆಯದು, ಬೆಲೆ ಹೊಸದರ ಅರ್ಧ. ಗೌಡರ ಕೈ ಯಾವುದರ ಕಡೆಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

"ಅದು ಮೂರ್ನಾಕು ಕೈ ಬದಲಾಗಿ ಬಂದಿರೋದು ಗೌಡ್ರೇ. ನಾನು ಮಾರಲ್ಲ ಅನ್ನಲ್ಲ. ಆದ್ರೆ ನನ್ನ ಕೇಳುದ್ರೆ ಈ ಕಡೇದು ತಗೊಳ್ಳಿ" ಎಂದರು ಸಾಹೇಬರು.

"ನಾನೇನು ದಿನಾ ಹೊಡೀತೀನಾ ಸಾಹೇಬ್ರೇ? ಸೊಂಟದಲ್ಲಿ ಒಂದು ಐತೆ ಅಂತ ನಾಕು ಜನಕ್ಕೆ ಗೊತ್ತಾದ್ರೆ ಸಾಕು. ತೋರ್ಸಕ್ಕೆ ಹೊಸದ್ಯಾಕೆ?" ಎಂದು ಗೌಡರು ಅರ್ಧ ಬೆಲೆಯಲ್ಲೂ ಇನ್ನಷ್ಟು ಇಳಿಸಿ, ಕೊನೆಗೆ ಅದರ ಚರ್ಮದ ಚೀಲವನ್ನು ಪುಕ್ಕಟೆಯಾಗಿ ಕಿತ್ತುಕೊಂಡೇ ಹೊರಬಂದರು. ಅವರ ವಾದ ನನಗೂ ಆಗ ಸರಿಯಾಗಿಯೇ ಕಂಡಿತು. ತೋರಿಸುವುದಕ್ಕೆ ತಾನೇ?

ಅಂದಿನಿಂದ ನಾವಿಬ್ಬರೂ ಬ್ಯಾಂಕಿಗೆ ಹೋಗುವ ಗತ್ತೇ ಬೇರೆಯಾಯಿತು. ಗೌಡರು ಬಿಸಿಲಿದ್ದರೂ ಅಂಗಿಯ ಮೇಲೆ ಕೋಟು ಹಾಕುತ್ತಿದ್ದರು, ಸೊಂಟದ ಹತ್ತಿರ ಅದು ಸ್ವಲ್ಪ ಉಬ್ಬಿ ಕಾಣಲಿ ಎಂದು. ಚುನಾವಣೆ ಬಂದಾಗ ಲೈಸೆನ್ಸಿನವರೆಲ್ಲ ಆಯುಧವನ್ನು ಠಾಣೆಗೆ ಒಪ್ಪಿಸಬೇಕು. ಆಗ "ಎಲ್ಲಿ ಗೌಡ್ರೇ ನಿಮ್ದು?" ಎಂದು ಬಂಕಿನವರು ರೇಗಿಸಿದರೆ, "ತವರಿಗೆ ಹೋಗೈತೆ, ಫಲಿತಾಂಶ ಬಂದ್ಮೇಲೆ ಕರ್ಕಂಡು ಬತ್ತೀನಿ" ಎನ್ನುತ್ತಿದ್ದರು. ಅದರಿಂದ ಒಂದು ಗುಂಡನ್ನೂ ಅವರು ಹಾರಿಸಿ ನೋಡಿರಲಿಲ್ಲ. ಗುಂಡು ದುಬಾರಿ ಎನ್ನುವುದು ಅವರ ವಾದ.

ಆ ಗುರುವಾರ ಬ್ಯಾಂಕಿನ ಮುಂದೆ ಜಾಗವಿರಲಿಲ್ಲ. ವ್ಯಾನನ್ನು ಪಕ್ಕದ ಓಣಿಯಲ್ಲಿ ನಿಲ್ಲಿಸಿದೆವು. ನಾನು ಬ್ಯಾಗಿನ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಇಳಿದೆ. ಗೌಡರು ಆ ಕಡೆಯ ಬಾಗಿಲಿನ ಹಗ್ಗ ಬಿಚ್ಚಿಕೊಂಡು ಇಳಿಯುವಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಹಿಂದೆ ಕೂತಿದ್ದವನು ಹಾರಿ ಇಳಿದು ಬ್ಯಾಗಿಗೆ ಕೈ ಹಾಕಿದ. ಪಟ್ಟಿ ಕೈಗೆ ಸುತ್ತಿದ್ದರಿಂದ ಬ್ಯಾಗಿನ ಜೊತೆ ನಾನೂ ಹೋದೆ. ಅವನು ಎಳೆದ, ನಾನು ಅವನ ಎದೆಗೆ ಹೋಗಿ ಬಡಿದೆ. ವಯಸ್ಸು ಇಪ್ಪತ್ತು ದಾಟಿರಲಿಕ್ಕಿಲ್ಲ, ಮೀಸೆಯೇ ಸರಿಯಾಗಿ ಬಂದಿರಲಿಲ್ಲ. "ಬುಡೋ ಅವಳ್ನ" ಎಂದು ಗೌಡರು ಕೂಗಿದ್ದು ಕೇಳಿ ತಿರುಗಿದೆ. ಅವರು ವ್ಯಾನಿನ ಮುಂಭಾಗದಲ್ಲಿ ನಿಂತು ಎರಡೂ ಕೈಯಲ್ಲಿ ಪಿಸ್ತೂಲು ಹಿಡಿದಿದ್ದರು. ಅವರಿಗೂ ಆ ಹುಡುಗನಿಗೂ ನಡುವೆ ನಾನಿದ್ದೆ. ಪಿಸ್ತೂಲಿನ ಬಾಯಿ ನನಗೆ ನೇರವಾಗಿ ಕಾಣುತ್ತಿತ್ತು. ಗೌಡರು ಟ್ರಿಗರ್ ಒತ್ತಿದರು. ಟಕ್ ಎಂದಿತು, ಅಷ್ಟೇ.

ಆ ಸದ್ದಿಗೆ ಹುಡುಗ ಬ್ಯಾಗು ಬಿಟ್ಟು ಬೈಕು ಹತ್ತಿದ. ಬೈಕು ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಜನ ಸೇರಿದರು. ಹಣ ಉಳಿಯಿತು, ನನ್ನ ಮುಂಗೈ ತರಚಿತ್ತು ಬಿಟ್ಟರೆ ಏನೂ ಆಗಿರಲಿಲ್ಲ. ಬಂಕಿಗೆ ಬಂದ ಮೇಲೆ ಎಲ್ಲರೂ ಗೌಡರ ಬೆನ್ನು ತಟ್ಟಿದರು. ಗುಂಡು ಹಾರದಿದ್ದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಕೊಲೆ ಕೇಸಾಗುತ್ತಿತ್ತು, ಚಾಮುಂಡಿ ತಾಯಿ ಕಾಪಾಡಿದಳು ಎಂದರು. ಗೌಡರು ಮಾತ್ರ ಆ ಮಾತನ್ನು ಒಪ್ಪಲಿಲ್ಲ.

"ಒಳ್ಳೇದಾಯ್ತು ಅನ್ಬೇಡ್ರಪ್ಪ. ಹೊಡೀಬ್ಯಾಡ ಅಂತ ನಾನು ತೀರ್ಮಾನ ಮಾಡಿದ್ರೆ ಒಳ್ಳೇದು. ನಾನು ಹೊಡಿ ಅಂದೆ, ಅದು ಇಲ್ಲ ಅಂತು. ಇವತ್ತು ಹೊಡಿ ಅಂದಾಗ ಹೊಡೀದೇ ಇದ್ದದ್ದು ನಾಳೆ ಬ್ಯಾಡ ಅಂದಾಗ ಹೊಡೀತದೆ" ಎಂದರು. ಗಾಬರಿಯಲ್ಲಿ ತಮಗೆ ಏನೂ ಕಾಣಲಿಲ್ಲವೆಂದೂ ಹೇಳಿದರು. ಎದುರಿಗಿಟ್ಟ ಕಾಫಿ ಕುಡಿಯಲಿಲ್ಲ.

ಅಮ್ಮನಿಗೆ ನಾನು ಕಳ್ಳರ ವಿಷಯವನ್ನಷ್ಟೇ ಹೇಳಿದೆ. ಪಿಸ್ತೂಲಿನ ಬಾಯಿ ಯಾವ ಕಡೆಗಿತ್ತು ಎನ್ನುವುದನ್ನು ಹೇಳಲಿಲ್ಲ. ಹೇಳಿದ್ದರೆ ಮರುದಿನ ಮನೆಯಿಂದ ಹೊರಗೆ ಕಾಲಿಡಲು ಬಿಡುತ್ತಿರಲಿಲ್ಲ. ಗೌಡರು ಮಾತು ಉಳಿಸಿಕೊಂಡರು ಎಂದು ಅಮ್ಮ ಎರಡು ದಿನ ಬೀದಿಯವರಿಗೆಲ್ಲ ಹೇಳಿದಳು. ನಾನು ಮಾತ್ರ ಅವರ ಮುಖವನ್ನು ಸರಿಯಾಗಿ ನೋಡಲಾಗದೆ ಎಷ್ಟೋ ದಿನ ಕಳೆದೆ. ಸಿಟ್ಟಿತ್ತು. ಅದನ್ನು ಯಾರ ಮುಂದೆ ಹೇಳಿಕೊಳ್ಳುವುದೆಂದು ತಿಳಿಯಲಿಲ್ಲ.

ಪಿಸ್ತೂಲನ್ನು ಸಾಹೇಬರ ಬಳಿಗೆ ಒಯ್ದು ತೋರಿಸಿದರು. ಒಳಗಿನ ಸ್ಪ್ರಿಂಗೊಂದು ಸವೆದಿದೆ, ಒತ್ತಿದರೆ ಹೊಡೆಯದೆ ಇರಬಹುದು, ಬಿದ್ದರೆ ಹೊಡೆಯಲೂಬಹುದು, ಆದ್ದರಿಂದ ಖಾಲಿ ಇಡಿ ಎಂದು ಅವರು ಹೇಳಿ ಕಳುಹಿಸಿದರು. ಗೌಡರು ಗುಂಡು ತೆಗೆದು ಬೀರುವಿನಲ್ಲಿಟ್ಟರು. ಅದನ್ನು ಮಾರಿ ಹೊಸದನ್ನೇ ಕೊಳ್ಳುವುದೆಂದು ತೀರ್ಮಾನವಾಯಿತು. ಕಾಗದ ಸಿದ್ಧ ಮಾಡಲೇ ಎಂದು ನಾನು ಕೇಳಿದಾಗ ಅವರು ತಡೆದರು. ದಸರಾ ಹತ್ತಿರವಿತ್ತು. "ಒಳ್ಳೇದೋ ಕೆಟ್ಟದ್ದೋ, ನಮ್ಮ ಕೈಯಲ್ಲಿದ್ದ ಆಯುಧ. ಪೂಜೆ ಮುಂದಿಟ್ಕಂಡು ಎಂಗಮ್ಮ ಆಚೆಗೆ ಹಾಕೋದು? ಪೂಜೆ ಮಾಡುಸ್ಕಂಡೇ ಹೋಗ್ಲಿ ಬುಡು" ಎಂದರು.

ಆಯುಧಪೂಜೆಯ ದಿನ ನಮ್ಮ ಬಂಕು ನೋಡುವ ಹಾಗಿರುತ್ತಿತ್ತು. ಪಂಪುಗಳಿಗೆ ಚೆಂಡುಹೂವಿನ ಹಾರ, ಬಾಳೆಕಂದು, ವ್ಯಾನಿಗೆ ನಿಂಬೆಹಣ್ಣು. ಬೆಂಕಿ ಸೋಕಿಸುವಂತಿಲ್ಲವಾದ್ದರಿಂದ ಕರ್ಪೂರ ಹಚ್ಚುವುದಕ್ಕೆ ಮಾತ್ರ ಕಾಂಪೌಂಡಿನ ಆಚೆ ಹೋಗುತ್ತಿದ್ದೆವು. ಆಫೀಸಿನ ಮೇಜಿನ ಮೇಲೆ ಕೆಂಪು ವಸ್ತ್ರ ಹಾಸಿ ಸ್ಪ್ಯಾನರು, ಬೀಗದ ಕೈ, ಕ್ಯಾಲ್ಕುಲೇಟರು, ಕಾರ್ಡ್ ಉಜ್ಜುವ ಯಂತ್ರ ಎಲ್ಲ ಜೋಡಿಸಿ ಅರಿಸಿನ ಕುಂಕುಮ ಇಟ್ಟಿದ್ದೆ. ಗೌಡರು ಸ್ನಾನ ಮಾಡಿ ಮಡಿಪಂಚೆಯುಟ್ಟು ಬಂದು ಪಿಸ್ತೂಲನ್ನು ನಡುವೆ ಇಟ್ಟರು.

"ಖಾಲಿ ಇದೆ ತಾನೇ ಗೌಡ್ರೇ?" ಎಂದೆ.

"ಖಾಲಿ ಆಯುಧಕ್ಕೆ ಎಂಥ ಪೂಜೆ ಕಣಮ್ಮ? ದುಡ್ಡಿಲ್ದೆ ಇರೋ ಪೆಟ್ಟಿಗೆ ಇಟ್ಟು ಲಕ್ಷ್ಮೀ ಪೂಜೆ ಮಾಡ್ತಾರಾ? ತುಂಬ್ಕಂಡೇ ಬಂದಿವ್ನಿ. ಒಂದ್ ಗಳಿಗೆ ತಾನೇ, ಆಮೇಲೆ ತಗೀತೀನಿ" ಎಂದರು.

ಇದನ್ನು ನಾನು ಊರ ಹೊರಗಿನ ಯಾರಿಗಾದರೂ ಹೇಳಿದರೆ ನಗುತ್ತಾರೆ. ಆದರೆ ಅಂದು ಆ ಕೋಣೆಯಲ್ಲಿದ್ದ ನಮಗೆ ಯಾರಿಗೂ ಅದು ತಪ್ಪೆನಿಸಲಿಲ್ಲ. ಎಣ್ಣೆಯಿಲ್ಲದ ದೀಪವನ್ನು, ನೀರಿಲ್ಲದ ಕಲಶವನ್ನು ಯಾರು ಪೂಜಿಸುತ್ತಾರೆ? ನಾನೇ ಹೂವು ಏರಿಸಿದೆ, ಪಂಪಿನ ಹುಡುಗರು ಸಾಲಾಗಿ ನಿಂತು ಕೈ ಮುಗಿದರು. ಹೊರಗೆ ಬೂದುಗುಂಬಳ ಒಡೆದಾಯಿತು. ಎಲ್ಲರಿಗೂ ಕಡಲೆಪುರಿ ಕೊಡಲೆಂದು ಗೌಡರು ಮೇಜಿನ ಆ ಕಡೆಯಿದ್ದ ಬುಟ್ಟಿಯನ್ನು ಎಳೆದುಕೊಂಡರು. ಬುಟ್ಟಿಯ ಅಡಿಗೆ ಸಿಕ್ಕಿದ್ದ ವಸ್ತ್ರವೂ ಅದರ ಜೊತೆ ಬಂತು. ಸ್ಪ್ಯಾನರು ಬಿತ್ತು, ಬೀಗದ ಕೈ ಬಿತ್ತು, ಪಿಸ್ತೂಲು ಬಿತ್ತು. ನೆಲಕ್ಕೆ ಬಡಿದ ಮರುಕ್ಷಣವೇ ಹೊಡೆಯಿತು.

ಕಿವಿ ಗುಂಯ್ ಎನ್ನುತ್ತಿತ್ತು. ಗೌಡರು ಮೇಜು ಹಿಡಿದು ನಿಂತೇ ಇದ್ದರು. ಬಿಳಿ ಪಂಚೆ ಕೆಳಗಿನಿಂದ ಕೆಂಪಾಗುತ್ತಾ ಬಂತು. ಅವರು ಕಾಲು ನೋಡಿಕೊಳ್ಳಲಿಲ್ಲ, ನನ್ನನ್ನು ನೋಡಿದರು. "ಭಾಗ್ಯ, ನಿಂಗೇನೂ ಆಗಿಲ್ಲ ತಾನೇ?" ಎಂದರು. ಇಲ್ಲವೆಂದೆ. "ಸರಿಯಾಗಿ ನೋಡ್ಕೋ" ಎಂದರು. ಮತ್ತೊಮ್ಮೆ ಇಲ್ಲವೆಂದ ಮೇಲೆಯೇ ನೆಲದ ಮೇಲೆ ಕೂತರು.

ಗುಂಡು ಮೀನಖಂಡವನ್ನು ಹರಿದುಕೊಂಡು ಹೋಗಿ ಗೋಡೆ ಸೇರಿತ್ತು. ಮೂಳೆ ಉಳಿಯಿತು. ಆಸ್ಪತ್ರೆಯಲ್ಲಿ ಹೇಳಿಕೆ ಪಡೆಯಲು ಸಬ್ ಇನ್ಸ್‌ಪೆಕ್ಟರ್ ಬಂದರು. ಪಿಸ್ತೂಲು ಒರೆಸುವಾಗ ಹಾರಿತು ಎಂದು ಬರೆಸಿದರೆ ತಂಟೆಯಿಲ್ಲ ಎಂದು ಹಿತೈಷಿಗಳು ಮೊದಲೇ ಕಿವಿಯಲ್ಲಿ ಊದಿದ್ದರು. ಗೌಡರು ಒಪ್ಪಲಿಲ್ಲ. "ಒರುಸ್ತಿರ್ಲಿಲ್ಲ ಸಾರ್, ಪೂಜೆ ಮಾಡ್ತಿದ್ದೆ. ಖಾಲಿ ಇಡಿ ಅಂತ ಅಂಗಡಿಯವ್ರು ಹೇಳಿದ್ರು, ನಾನೇ ತುಂಬಿದೆ. ಇರೋದನ್ನ ಇದ್ದಂಗೆ ಬರ್ಕಳಿ" ಎಂದರು. ಇನ್‌ಸ್ಪೆಕ್ಟರ್ ಹಾಗೆಯೇ ಬರೆದುಕೊಂಡರು. ಲೈಸೆನ್ಸ್ ಹೋಯಿತು, ಪಿಸ್ತೂಲು ಜಪ್ತಿಯಾಯಿತು. ವಿಜಯದಶಮಿಯ ಪಂಜಿನ ಕವಾಯತಿಗೆ ಹೊರಟ ಜನರ ಗದ್ದಲವನ್ನು ಗೌಡರು ಆ ವರ್ಷ ಆಸ್ಪತ್ರೆಯ ಮಂಚದಿಂದಲೇ ಕೇಳಿಸಿಕೊಂಡರು.

ಆಮೇಲೆ ಅವರು ಬದಲಾದರು ಎಂದರೆ ಪೂರ್ತಿ ಸತ್ಯವಲ್ಲ. ಆಸ್ಪತ್ರೆಯಿಂದ ಬಂದ ವಾರದಲ್ಲೇ ವ್ಯಾನಿಗೆ ಹೊಸ ಬ್ರೇಕು, ಹೊಸ ಬಾಗಿಲು ಬಂದವು. ನನಗೆ ನೆಟ್ಟಗೆ ನಿಲ್ಲುವ ಕುರ್ಚಿ ಬಂತು. ಫ್ಯಾನು ಬದಲಾಯಿತು. ಆದರೆ ಬಂಕಿನ ಮುಂದೆ ಸೊಪ್ಪು ಮಾರುವವಳ ಜೊತೆ ಚೌಕಾಸಿ ಮಾತ್ರ ನಿಲ್ಲಲಿಲ್ಲ. ಇದೇಕೆ ಹೀಗೆ ಎಂದರೆ, "ಸೊಪ್ಪೇನು ಸಿಡಿಯಲ್ಲ ಬುಡು" ಎನ್ನುತ್ತಿದ್ದರು. ಯಾವುದು ಕೈಕೊಟ್ಟರೆ ಮನುಷ್ಯನಿಗೆ ಪೆಟ್ಟಾಗುತ್ತದೋ ಅದರಲ್ಲಿ ಚೌಕಾಸಿ ಮಾಡಬಾರದು, ಉಳಿದದ್ದರಲ್ಲಿ ಮಾಡದೆ ಬಿಡಬಾರದು ಎಂಬಲ್ಲಿಗೆ ಅವರ ಅರ್ಥಶಾಸ್ತ್ರ ಬಂದು ನಿಂತಿತು.

ಪಿಸ್ತೂಲು ಕೊಳ್ಳುವ ಆಸೆಯಿದ್ದವರು ಗೌಡರನ್ನು ಹುಡುಕಿಕೊಂಡು ಬರಲಾರಂಭಿಸಿದ್ದು ಇನ್ನೊಂದು ತಮಾಷೆ. ದಟ್ಟಗಳ್ಳಿಯಲ್ಲಿ ಸೈಟು ಮಾರುವ ಒಬ್ಬ ಯುವಕ ಕೊರಳ ತುಂಬ ಚಿನ್ನ ಹಾಕಿಕೊಂಡು ಬಂದ. ಎಲ್ಲೋ ಹಳೆಯದೊಂದು ಅಗ್ಗಕ್ಕೆ ಇದೆ, ತೆಗೆದುಕೊಳ್ಳಲೇ ಎಂದು ಕೇಳಿದ. ಗೌಡರು ಕಾಲು ತೋರಿಸಿಯಾದ ಮೇಲೆ ಅವನನ್ನು ಎದುರು ಕೂರಿಸಿಕೊಂಡರು.

"ಅದು ಹೊಡೀದೇ ಹೋದ್ರೆ ಏನ್ ಮಾಡ್ತೀಯಪ್ಪ?"

"ಅದೇನೋ ನೋಡ್ಬೇಕು ಗೌಡ್ರೇ."

"ಹೊಡುದ್ರೆ ಏನ್ ಮಾಡ್ತೀಯ?"

ಯುವಕ ಕೊರಳ ಸರ ಮುಟ್ಟಿಕೊಂಡ. "ಎರಡಕ್ಕೂ ಉತ್ರ ಸಿಕ್ಕಿದ ದಿನ ಹೋಗಿ ಹೊಸದೇ ತಗೋ. ಸಿಕ್ಕದೆ ಹೋದ್ರೆ ಆ ಚಿನ್ನ ಬಿಚ್ಚಿ ಮನೇಲಿಡು, ಪಿಸ್ತೂಲೇ ಬ್ಯಾಡ" ಎಂದು ಎಳನೀರು ಕುಡಿಸಿ ಕಳುಹಿಸಿದರು.

ಬ್ಯಾಂಕಿಗೆ ಮಾತ್ರ ನಾವು ಮೊದಲಿನಂತೆಯೇ ಹೋಗುತ್ತಿದ್ದೆವು. ಹೋಗುವ ಹೊತ್ತು ದಿನಕ್ಕೊಂದು ಬಗೆ, ದಾರಿ ಬೇರೆ ಬೇರೆ, ಪಂಪಿನ ಒಬ್ಬ ಗಟ್ಟಿಗ ಹಿಂದೆ. ಗೌಡರು ಕುಂಟುತ್ತಾ ನನ್ನ ಪಕ್ಕದಲ್ಲಿ, ಯಾವಾಗಲೂ ರಸ್ತೆಯ ಕಡೆಗೆ. ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಬಂದರು. ಅವರ ತಂಗಿಯ ಮನೆಯ ಗೃಹಪ್ರವೇಶದಿಂದ ಊಟ ಬಿಟ್ಟು ಎದ್ದು ಬಂದರು. ಬ್ಯಾಗನ್ನು ಕೈಗೆ ಸುತ್ತಿಕೊಳ್ಳಬೇಡ, ಯಾರಾದರೂ ಎಳೆದರೆ ಬಿಟ್ಟುಬಿಡು ಎಂದು ದಿನವೂ ಹೇಳುತ್ತಿದ್ದರು. ನನ್ನ ಸಿಟ್ಟು ಯಾವಾಗ ಕರಗಿತೋ ನನಗೇ ತಿಳಿಯದು. ಒಂದು ದಿನ ನೋಡಿಕೊಂಡರೆ ಅದು ಇರಲಿಲ್ಲ. ಅವರು ಪಕ್ಕದಲ್ಲಿದ್ದಾರೆಂದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ಅಪ್ಪನಿಲ್ಲದೆ ಬೆಳೆದ ನನಗೆ ಅದು ಸಣ್ಣ ವಿಷಯವಲ್ಲ.

ಜನ ಮೊಬೈಲಿನಲ್ಲೇ ಹಣ ಕೊಡುವ ಕಾಲ ಬಂದು ಬ್ಯಾಗು ಹಗುರವಾಯಿತು. ಗೌಡರ ಆರೋಗ್ಯವೂ ಇಳಿಯಿತು. ಕಳೆದ ವರ್ಷ ಹೃದಯದ ತೊಂದರೆಯಾಗಿ ದಟ್ಟಗಳ್ಳಿಯ ಮಗಳ ಮನೆಯಲ್ಲಿ ಮಲಗಿದ್ದರು. ನೋಡಲು ಹೋದೆ. ಮಗಳು ಕಾಫಿ ಮಾಡಲು ಒಳಗೆ ಹೋದಾಗ ಗೌಡರು ಹತ್ತಿರ ಬಾ ಎಂದು ಕೈ ಮಾಡಿದರು.

"ಭಾಗ್ಯ, ಅವತ್ತು ಬ್ಯಾಂಕಿನ ಓಣೀಲಿ ನೀನು ಅಡ್ಡ ಇದ್ದೆ."

"ಹೂಂ ಗೌಡ್ರೇ."

"ಗಾಬರೀಲಿ ಏನೂ ಕಾಣ್ಲಿಲ್ಲ ಅಂತ ಎಲ್ರಿಗೂ ಹೇಳ್ಕಂಡು ಬಂದೆ. ಸುಳ್ಳು ಕಣಮ್ಮ. ನೀನು ಕಾಣ್ತಿದ್ದೆ, ಬ್ಯಾಗೂ ಕಾಣ್ತಿತ್ತು. ಬ್ಯಾಗು ಹೋಯ್ತದೆ ಅಂತ ಒತ್ಬುಟ್ಟೆ. ಇಷ್ಟು ವರ್ಷ ಪಿಸ್ತೂಲಿನ ಮೇಲೆ ಹಾಕ್ದೆ. ಕೆಟ್ಟಿದ್ದು ಅದೊಂದೇ ಅಲ್ಲ."

ನಾನು ಅವರ ಹೊದಿಕೆ ಸರಿಪಡಿಸಿದೆ. ಆಮೇಲೆ, "ನಂಗೂ ಗೊತ್ತಿತ್ತು. ನಿಮ್ಮ ಕಣ್ಣು ನೋಡಿದ್ದೆ" ಎಂದೆ.

"ಗೊತ್ತಿದ್ದೂ ಮಾರ್ನೇ ದಿನ ಯಾಕೆ ಬಂದೆ?"

"ನೀವು ಬರ್ತೀರೋ ಇಲ್ವೋ ನೋಡೋಣ ಅಂತ."

"ಬಂದಿದ್ನಾ?"

"ನನಗಿಂತ ಮುಂಚೆ ಬಂದು ಕೂತಿದ್ರಿ."

ಅವರ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. "ನಿಮ್ಮವ್ವಂಗೆ ಹೇಳ್ಬುಡು. ಮಾತು ಕೊಟ್ಟಿದ್ದು ಅವ್ರಿಗೆ. ನಂಗೆ ಹೇಳಕ್ಕೆ ಧೈರ್ಯ ಸಾಲದು" ಎಂದರು. ಅಷ್ಟರಲ್ಲಿ ಕಾಫಿ ಬಂತು, ಮಾತು ಬೇರೆ ಕಡೆಗೆ ಹೋಯಿತು.

ನಾನು ಆ ವಾರ ಹೇಳಲಿಲ್ಲ. ಬಾಯಿಗೆ ಬಂದದ್ದನ್ನು ಪ್ರತಿ ಸಂಜೆಯೂ ನುಂಗಿಕೊಂಡೆ. ಒಂದು ಬೆಳಿಗ್ಗೆ ಗೌಡರ ಮಗಳ ಫೋನು ಬಂತು. ನಸುಕಿನಲ್ಲಿ ಹೋದರಂತೆ, ಮಧ್ಯಾಹ್ನ ಊರಿನ ಹೊಲದಲ್ಲಿ ಮಣ್ಣು ಮಾಡುತ್ತಾರಂತೆ. ಅಮ್ಮ ಅಳುತ್ತಾ, "ಎಂಥ ಮನುಷ್ಯ, ಕೊಟ್ಟ ಮಾತು ಉಳಿಸ್ಕೊಂಡ್ರು" ಎಂದಳು. ಆಗ ನನಗೆ ತಡೆಯಲಾಗಲಿಲ್ಲ. ಓಣಿ, ಬ್ಯಾಗು, ನಾನು ನಿಂತಿದ್ದ ಜಾಗ, ಗೌಡರು ಮೊನ್ನೆ ಹೇಳಿದ್ದು, ಎಲ್ಲವನ್ನೂ ಹೇಳಿದೆ.

ಅಮ್ಮನ ಅಳು ನಿಂತಿತು. ಅವಳು ನನ್ನ ಮುಖವನ್ನು, ಭುಜವನ್ನು, ಎದೆಯನ್ನು, ಈಗಷ್ಟೇ ಗುಂಡು ತಗುಲಿದೆಯೇನೋ ಎಂಬಂತೆ ನೋಡಿದಳು. ಒಲೆಯ ಮೇಲಿನ ಹಾಲು ಉಕ್ಕಿತು, ಇಬ್ಬರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಅಮ್ಮ ಎದ್ದು ಒಲೆ ಆರಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ನಡಿ, ತಡ ಆಗುತ್ತೆ. ಮಣ್ಣಿಗೆ ಹೋಗ್ಬರೋಣ" ಎಂದಳು.